ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ: ದೂರ ಒಂದು, ಹೊತ್ತು ನಾಲ್ಕು

ಮೈಸೂರಿನಲ್ಲಿರುವ ನಮ್ಮಕ್ಕ ಮೊದಲ ಸಲ ಅಮೆರಿಕಕ್ಕೆ ಹೊರಟಿದ್ದಳು. ಮಗಳಿಗೆ ದಿನ ತುಂಬುತ್ತಾ ಬಂದಿತ್ತು, ಬಾಣಂತನಕ್ಕೆ ತಾಯಿ ಹೋಗಲೇಬೇಕು. ಚಟ್ನಿಪುಡಿ, ಸಾರಿನಪುಡಿ, ಬಾಣಂತಿ ಲೇಹ್ಯ ಎಲ್ಲ ಸಿದ್ಧವಾಗಿದ್ದವು. ಸಿದ್ಧವಾಗದೆ ಉಳಿದದ್ದು ಒಂದು ಪ್ರಶ್ನೆಗೆ ಉತ್ತರ ಮಾತ್ರ. "ಅಲ್ಲಿಗೆ ಎಷ್ಟು ಹೊತ್ತಾಗತ್ತೆ ಕಣೋ?" ಎಂದು ಅಕ್ಕ ನನ್ನನ್ನು ಕೇಳಿದಳು.

ಮಗಳು ಫೋನಿನಲ್ಲಿ 16 ಗಂಟೆ ಅಂದಿದ್ದಳು. ಟಿಕೆಟ್ಟಿನಲ್ಲಿ ಮಧ್ಯಾಹ್ನ 2:30ಕ್ಕೆ ಹೊರಟು ಅದೇ ದಿನ ಸಂಜೆ 5ಕ್ಕೆ ಇಳಿಯುತ್ತದೆ ಎಂದಿತ್ತು. ಅದನ್ನು ನಂಬಿದರೆ ಎರಡೂವರೆ ಗಂಟೆಯ ದಾರಿ. ಹಿಂದಿನ ವರ್ಷ ಹೋಗಿಬಂದ ಪಕ್ಕದ ಮನೆಯವರು "ಮಧ್ಯೆ ಒಂದು ಕಡೆ ಇಳಿದು ಹತ್ತಬೇಕಿತ್ತು, ಮನೆ ಬಿಟ್ಟು ಮನೆ ಸೇರೋಕೆ ಒಂದೂವರೆ ದಿನ ಹಿಡೀತು ಕಣ್ರೀ" ಎಂದಿದ್ದರು. ಮೂವರು ಹೇಳಿದ್ದೂ ನಿಜವೇ. ಆದರೆ ಮೂವರೂ ಅಳೆದದ್ದು ಬೇರೆ ಬೇರೆ ಹೊತ್ತನ್ನು.

ಎರಡು ಊರುಗಳ ನಡುವಿನ ದೂರ ಒಂದೇ. ಹೊತ್ತು ಮಾತ್ರ ನಾಲ್ಕು ಬಗೆ: ವಿಮಾನ ಹಾರುವ ಹೊತ್ತು, ಗಡಿಯಾರ ತೋರಿಸುವ ಹೊತ್ತು, ಮನೆಯಿಂದ ಮನೆಗೆ ಹಿಡಿಯುವ ಹೊತ್ತು, ದೇಹ ಹೊಂದಿಕೊಳ್ಳಲು ಬೇಕಾದ ಹೊತ್ತು. ಈ ನಾಲ್ಕನ್ನೂ ಬಿಡಿಬಿಡಿಯಾಗಿ ಲೆಕ್ಕ ಹಾಕಿಕೊಂಡವರ ಪ್ರಯಾಣ ಹಗುರಾಗುತ್ತದೆ. ನಾಲ್ಕನ್ನೂ ಕಲಸಿಕೊಂಡರೆ ವಿಮಾನ ತಪ್ಪುತ್ತದೆ, ಔಷಧಿ ತಪ್ಪುತ್ತದೆ, ನಿದ್ದೆಯೂ ತಪ್ಪುತ್ತದೆ. ಸಾವಿರಾರು ಕನ್ನಡದ ಅಪ್ಪ ಅಮ್ಮಂದಿರು ಹಾರುವ ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೊ ದಾರಿಯನ್ನೇ ಇಟ್ಟುಕೊಂಡು ಈ ಲೆಕ್ಕವನ್ನು ನೋಡೋಣ. ಕ್ರಮ ತಿಳಿದರೆ ಬೇರೆ ಯಾವ ಎರಡು ಊರಿಗೂ ಇದು ಸಲ್ಲುತ್ತದೆ.

ದೂರ: ದಾರದಿಂದ ಅಳೆದು ನೋಡಿ

ದೇವನಹಳ್ಳಿಯ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದಿಂದ ಸ್ಯಾನ್ ಫ್ರಾನ್ಸಿಸ್ಕೊ ವಿಮಾನ ನಿಲ್ದಾಣಕ್ಕೆ ನೇರ ದೂರ ಸುಮಾರು 14,000 ಕಿ.ಮೀ. ಮೈಲಿಯಲ್ಲಿ ಹೇಳಿದರೆ 8,700. ಪೈಲಟ್‌ಗಳು ಬಳಸುವ ನಾಟಿಕಲ್ ಮೈಲಿಯಲ್ಲಿ 7,550. ಒಂದು ನಾಟಿಕಲ್ ಮೈಲಿ ಎಂದರೆ 1.852 ಕಿ.ಮೀ. ಬೇರೆ ಬೇರೆ ಕಡೆ ಬೇರೆ ಬೇರೆ ಅಂಕಿ ಕಂಡರೆ ಗಾಬರಿ ಬೇಡ, ಮೊದಲು ಅಳತೆ ಯಾವುದೆಂದು ನೋಡಿ. ಭೂಮಿಯ ಸುತ್ತಳತೆ ಸುಮಾರು 40,000 ಕಿ.ಮೀ. ಆಗಿರುವುದರಿಂದ ಭೂಮಿಯ ಮೇಲಿನ ಯಾವ ಎರಡು ಜಾಗಗಳ ನಡುವೆಯೂ 20,000 ಕಿ.ಮೀ.ಗಿಂತ ಹೆಚ್ಚು ದೂರ ಇರಲಾರದು. ಅಂದರೆ ನಮ್ಮ ಮಕ್ಕಳು ಹೆಚ್ಚುಕಡಿಮೆ ಭೂಮಿಯ ಆಚೆ ಬದಿಯಲ್ಲೇ ಮನೆ ಮಾಡಿದ್ದಾರೆ.

ಈ "ನೇರ ದೂರ" ಗೋಡೆಯ ಭೂಪಟದಲ್ಲಿ ಸ್ಕೇಲು ಇಟ್ಟು ಎಳೆದ ಗೆರೆಯಲ್ಲ. ನಮಗೆ ಪರಿಚಿತವಾದ ಚಪ್ಪಟೆ ಭೂಪಟದ ಮಾದರಿಯನ್ನು ಮರ್ಕೇಟರ್ 1569ರಲ್ಲಿ ಹಡಗಿನವರಿಗಾಗಿ ರೂಪಿಸಿದ. ಅದರಲ್ಲಿ ಧ್ರುವದ ಹತ್ತಿರದ ಜಾಗಗಳು ಹಿಗ್ಗಿಕೊಂಡು ಕಾಣುತ್ತವೆ. ಆಫ್ರಿಕ ಗ್ರೀನ್‌ಲ್ಯಾಂಡಿಗಿಂತ ಸುಮಾರು 14 ಪಟ್ಟು ದೊಡ್ಡದಾಗಿದ್ದರೂ ಆ ಪಟದಲ್ಲಿ ಎರಡೂ ಸಮಸಮವೆನಿಸುತ್ತವೆ. ಹಾಗಾಗಿ ಮನೆಯಲ್ಲಿ ಮಕ್ಕಳ ಗ್ಲೋಬ್ ಇದ್ದರೆ ಅದನ್ನು ತೆಗೆದುಕೊಳ್ಳಿ. ಹೂ ಕಟ್ಟುವ ದಾರದ ಒಂದು ತುದಿಯನ್ನು ಬೆಂಗಳೂರಿನ ಮೇಲೂ ಇನ್ನೊಂದನ್ನು ಸ್ಯಾನ್ ಫ್ರಾನ್ಸಿಸ್ಕೊ ಮೇಲೂ ಒತ್ತಿಹಿಡಿದು ಬಿಗಿಯಾಗಿ ಎಳೆಯಿರಿ. ದಾರ ತಾನಾಗಿಯೇ ಅತಿ ಹತ್ತಿರದ ಹಾದಿಯನ್ನು ಹುಡುಕಿಕೊಳ್ಳುತ್ತದೆ.

ಆ ಹಾದಿ ಪೂರ್ವಕ್ಕೂ ಹೋಗುವುದಿಲ್ಲ, ಪಶ್ಚಿಮಕ್ಕೂ ಹೋಗುವುದಿಲ್ಲ. ಬೆಂಗಳೂರಿನಿಂದ ತುಸು ಬಲಕ್ಕೆ ವಾಲಿ ಉತ್ತರಕ್ಕೇ ಹೊರಡುತ್ತದೆ. ನೇಪಾಳ, ಟಿಬೆಟ್, ಮಂಗೋಲಿಯಾದ ಪಶ್ಚಿಮ ಭಾಗ, ಸೈಬೀರಿಯಾ ದಾಟಿ ಆರ್ಕ್‌ಟಿಕ್ ಕರಾವಳಿಯಲ್ಲಿ ಸುಮಾರು 71 ಡಿಗ್ರಿ ಉತ್ತರ ಅಕ್ಷಾಂಶ ಮುಟ್ಟಿ, ಅಲ್ಲಿಂದ ಅಲಾಸ್ಕಾದ ಮೇಲೆ ಇಳಿದು ಕ್ಯಾಲಿಫೋರ್ನಿಯಾ ಸೇರುತ್ತದೆ. "ಅಮೆರಿಕಕ್ಕೆ ಹೊರಟ ವಿಮಾನ ಹಿಮದ ಮೇಲೆ ಯಾಕೆ ಹಾರ್ತಿದೆ?" ಎಂದು ಸೀಟಿನ ಮುಂದಿನ ಪರದೆ ನೋಡಿ ಕೇಳುವವರಿಗೆ ಈ ದಾರವೇ ಉತ್ತರ. ಈ ಬಗೆಯ ಹಾದಿಯನ್ನು ಭೂಗೋಳದ ಪಾಠದಲ್ಲಿ ಮಹಾವೃತ್ತದ ಹಾದಿ ಎನ್ನುತ್ತಾರೆ.

ಆದರೆ ವಿಮಾನ ಈ ಗೆರೆಯ ಮೇಲೇ ಹಾರುವುದಿಲ್ಲ. ಟಿಬೆಟ್ ಪ್ರಸ್ಥಭೂಮಿಯ ಸರಾಸರಿ ಎತ್ತರವೇ ಸುಮಾರು 4,500 ಮೀಟರ್. ಕ್ಯಾಬಿನ್‌ನ ಗಾಳಿಯೊತ್ತಡ ಕೈಕೊಟ್ಟರೆ ವಿಮಾನ ಬೇಗನೆ 10,000 ಅಡಿಗೆ, ಅಂದರೆ ಸುಮಾರು 3,000 ಮೀಟರಿಗೆ ಇಳಿಯಬೇಕು. ಅಲ್ಲಿ ನೆಲವೇ ಅದಕ್ಕಿಂತ ಎತ್ತರದಲ್ಲಿದ್ದರೆ ಇಳಿಯುವುದೆಲ್ಲಿಗೆ? ಅದಕ್ಕಾಗಿ ಆ ಭಾಗವನ್ನು ಸಾಮಾನ್ಯವಾಗಿ ಬಳಸಿಕೊಂಡು ಹೋಗುತ್ತಾರೆ. ಗಾಳಿ, ಹವೆ, ದೇಶಗಳ ನಡುವಿನ ಜಗಳ, ತುರ್ತಿನಲ್ಲಿ ಇಳಿಯಲು ಹತ್ತಿರದ ನಿಲ್ದಾಣ ಎಲ್ಲವನ್ನೂ ನೋಡಿ ಪ್ರತಿ ಹಾರಾಟಕ್ಕೂ ಹೊಸದಾಗಿ ದಾರಿ ಗೊತ್ತುಮಾಡುತ್ತಾರೆ. ಆದ್ದರಿಂದ 14,000 ಎಂಬುದು ಕನಿಷ್ಠ ದೂರ. ನಿಜವಾಗಿ ಹಾರುವ ದೂರ ಅದಕ್ಕಿಂತ ಯಾವಾಗಲೂ ಹೆಚ್ಚು.

ಮೊದಲ ಹೊತ್ತು: ಹಾರಾಟದ್ದು

ಮನೆಯಲ್ಲೇ ಅಂದಾಜು ಮಾಡಲು ಒಂದು ಸುಲಭ ಸೂತ್ರವಿದೆ. ನೇರ ದೂರದ ಕಿಲೊಮೀಟರನ್ನು 850ರಿಂದ ಭಾಗಿಸಿ. ಬಂದ ಗಂಟೆಗಳಿಗೆ 40 ನಿಮಿಷ ಸೇರಿಸಿ. ಜೆಟ್ ವಿಮಾನದ ವೇಗ ಮೇಲೇರಿದ ಮೇಲೆ ಗಂಟೆಗೆ 900 ಕಿ.ಮೀ. ಆಸುಪಾಸು. ದಾರಿ ಸ್ವಲ್ಪ ಬಳಸಾಗುವುದನ್ನು ಗಮನಿಸಿ 850 ಇಟ್ಟುಕೊಂಡಿದ್ದೇವೆ. ಆ 40 ನಿಮಿಷ ರನ್‌ವೇ ತಲುಪಲು, ಏರಲು, ಇಳಿಯಲು, ಗೇಟಿಗೆ ಬರಲು.

ಬೆಂಗಳೂರು–ದೆಹಲಿ ಸುಮಾರು 1,700 ಕಿ.ಮೀ. ಸೂತ್ರದ ಪ್ರಕಾರ 2 ಗಂಟೆ 40 ನಿಮಿಷ. ವೇಳಾಪಟ್ಟಿಯಲ್ಲಿ ಇರುವುದೂ ಹೆಚ್ಚುಕಡಿಮೆ ಅಷ್ಟೇ. ಸ್ಯಾನ್ ಫ್ರಾನ್ಸಿಸ್ಕೊಗೆ ಹಾಕಿದರೆ 17 ಗಂಟೆಯ ಮೇಲೆ ಕೆಲವು ನಿಮಿಷ ಬರುತ್ತದೆ. ಟಿಕೆಟ್ಟಿನಲ್ಲಿ ಕಾಣುವ ಅವಧಿ ಗೇಟು ಬಿಟ್ಟಾಗಿನಿಂದ ಗೇಟು ಸೇರುವವರೆಗಿನದು, ಬರೀ ಆಕಾಶದಲ್ಲಿ ಕಳೆದದ್ದಲ್ಲ ಎಂಬುದೂ ನೆನಪಿರಲಿ.

ಹಾಗಾದರೆ ವೇಳಾಪಟ್ಟಿಯಲ್ಲಿ ಹೋಗುವಾಗ 16 ಗಂಟೆ, ಬರುವಾಗ 17 ದಾಟಿ ಮುಕ್ಕಾಲು ಗಂಟೆ ಏಕೆ? ಭೂಮಿ ತಿರುಗುವುದರಿಂದ ಎಂದು ಬಹಳ ಜನ ತಿಳಿದಿದ್ದಾರೆ. ಅದು ಸರಿಯಲ್ಲ. ಓಡುವ ರೈಲಿನ ಬೋಗಿಯೊಳಗೆ ನೊಣ ಹೇಗೆ ಹಿಂದಕ್ಕೂ ಮುಂದಕ್ಕೂ ಒಂದೇ ಸಮ ಹಾರುತ್ತದೋ ಹಾಗೆ ಭೂಮಿಯ ಜೊತೆಗೆ ವಾತಾವರಣವೂ ವಿಮಾನವೂ ತಿರುಗುತ್ತಿರುತ್ತವೆ. ಕಾರಣ ಇರುವುದು ಗಾಳಿಯಲ್ಲಿ. ಸುಮಾರು 9ರಿಂದ 16 ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಹೊಳೆಯಂತೆ ಹರಿಯುವ ಗಾಳಿಯ ಪಟ್ಟಿಗಳಿವೆ. ಅವುಗಳ ಹೆಸರು ಜೆಟ್ ಸ್ಟ್ರೀಮ್. ಚಳಿಗಾಲದಲ್ಲಿ ಅವುಗಳ ರಭಸ ಹೆಚ್ಚು, ಕೆಲವು ಕಡೆ ಗಂಟೆಗೆ 300 ಕಿ.ಮೀ. ದಾಟುವುದೂ ಉಂಟು. ಜಪಾನಿನ ಹವಾಮಾನ ತಜ್ಞ ವಾಸಾಬುರೊ ಓಯಿಶಿ 1920ರ ದಶಕದಲ್ಲಿ ಬಲೂನುಗಳನ್ನು ಹಾರಿಸಿ ಈ ಗಾಳಿಯನ್ನು ಅಳೆದ. ಫಲಿತಾಂಶವನ್ನು ಎಸ್ಪೆರಾಂಟೊ ಭಾಷೆಯಲ್ಲಿ ಪ್ರಕಟಿಸಿದ್ದರಿಂದ ಹೊರಗಿನವರ ಕಣ್ಣಿಗೆ ಅದು ಅಷ್ಟಾಗಿ ಬೀಳಲಿಲ್ಲ. ಎರಡನೇ ಮಹಾಯುದ್ಧದಲ್ಲಿ ಜಪಾನಿನ ಮೇಲೆ ಹಾರಿದ ಅಮೆರಿಕದ ಪೈಲಟ್‌ಗಳು ಅದೇ ಗಾಳಿಗೆ ಸಿಕ್ಕಿ ಅದರ ಬಲವನ್ನು ಅನುಭವಿಸಿದರು.

ಪೂರ್ವಕ್ಕೆ, ಪೆಸಿಫಿಕ್ ಮೇಲೆ ಹೋಗುವಾಗ ಈ ಗಾಳಿ ಬೆನ್ನಿಗೆ ಬೀಸಿ ತಳ್ಳುತ್ತದೆ. ಮರಳುವಾಗ ಅದೇ ದಾರಿ ಹಿಡಿದರೆ ಎದೆಗೆ ಬೀಸುತ್ತದೆ. ಅದನ್ನು ತಪ್ಪಿಸಲು ಬರುವ ವಿಮಾನಗಳು ಉತ್ತರಕ್ಕೆ, ಧ್ರುವದ ಕಡೆಗೆ ಸರಿದು ಬರುವುದುಂಟು. 2021ರ ಜನವರಿಯಲ್ಲಿ ಏರ್ ಇಂಡಿಯಾ ಈ ಎರಡು ಊರುಗಳ ನಡುವೆ ನಿಲುಗಡೆಯಿಲ್ಲದ ಸೇವೆ ಶುರುಮಾಡಿದಾಗ, ಸ್ಯಾನ್ ಫ್ರಾನ್ಸಿಸ್ಕೊದಿಂದ ಹೊರಟ ಮೊದಲ ವಿಮಾನವನ್ನು ಕ್ಯಾಪ್ಟನ್ ಜೋಯಾ ಅಗರ್‌ವಾಲ್ ನೇತೃತ್ವದ ನಾಲ್ವರು ಮಹಿಳಾ ಪೈಲಟ್‌ಗಳು ಉತ್ತರ ಧ್ರುವದ ಮೇಲೆ ಹಾಯಿಸಿ ಬೆಂಗಳೂರಿಗೆ ತಂದಿಳಿಸಿದರು.

ಇನ್ನೊಂದು ಕಾರಣ ಮುಚ್ಚಿದ ಆಕಾಶ. 2022ರಲ್ಲಿ ಉಕ್ರೇನ್ ಯುದ್ಧ ಶುರುವಾದ ಮೇಲೆ ಅಮೆರಿಕ ಮತ್ತು ಯುರೋಪಿನ ಹಲವು ವಿಮಾನ ಸಂಸ್ಥೆಗಳಿಗೆ ರಷ್ಯಾದ ವಾಯುಪ್ರದೇಶ ಮುಚ್ಚಿತು. ಭಾರತದ ಸಂಸ್ಥೆಗಳಿಗೆ ಆ ನಿರ್ಬಂಧ ಬರಲಿಲ್ಲ. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ತನ್ನ ಆಕಾಶವನ್ನು ಭಾರತದ ವಿಮಾನಗಳಿಗೆ ಮುಚ್ಚಿದಾಗ ಉತ್ತರ ಭಾರತದಿಂದ ಪಶ್ಚಿಮಕ್ಕೆ ಹೊರಡುವ ವಿಮಾನಗಳು ಸುತ್ತುಹಾಕಬೇಕಾಯಿತು. ಹೀಗಾಗಿ ಅದೇ ಎರಡು ಊರಿಗೆ, ಅದೇ ದಿನ, ಒಂದು ಸಂಸ್ಥೆಯ ವಿಮಾನಕ್ಕೂ ಇನ್ನೊಂದರದಕ್ಕೂ ಗಂಟೆಗಟ್ಟಲೆ ವ್ಯತ್ಯಾಸ ಬರಬಹುದು. ಎರಡು ವರ್ಷದ ಹಿಂದೆ ಹೋದವರ ಲೆಕ್ಕವನ್ನು ಈ ವರ್ಷಕ್ಕೆ ನಂಬಬೇಡಿ.

ನೇರವೋ, ಇಳಿದು ಹತ್ತುವುದೋ

ಇಷ್ಟು ದೂರದ ನಿಲುಗಡೆಯಿಲ್ಲದ ಸೇವೆಗಳು ಇಂಧನದ ಬೆಲೆ, ವಿಮಾನಗಳ ಲಭ್ಯತೆ, ಆಕಾಶದ ಗಡಿ ನೋಡಿಕೊಂಡು ನಿಲ್ಲುತ್ತವೆ, ಮತ್ತೆ ಶುರುವಾಗುತ್ತವೆ. ನಿಮ್ಮ ದಿನಾಂಕಕ್ಕೆ ಇದೆಯೇ ಎಂದು ಖಚಿತಪಡಿಸಿಕೊಂಡೇ ಮುಂದಿನ ಮಾತು. ಇಲ್ಲದಿದ್ದರೆ ಮಧ್ಯೆ ಒಂದು ಊರಿನಲ್ಲಿ ಇಳಿದು ಹತ್ತಬೇಕು. ಯಾವ ಊರು ಒಳ್ಳೆಯದು? ನೇರ ದೂರಗಳನ್ನು ಸುಮಾರಾಗಿ ಕೂಡಿ ನೋಡಿದರೆ ಹೀಗೆ ಬರುತ್ತದೆ:

- ಟೋಕಿಯೊ (ನರಿಟಾ): 6,700 + 8,200 = 14,900 ಕಿ.ಮೀ.
- ದುಬೈ: 2,700 + 13,000 = 15,700 ಕಿ.ಮೀ.
- ಫ್ರಾಂಕ್‌ಫರ್ಟ್: 7,400 + 9,150 = 16,550 ಕಿ.ಮೀ.
- ಲಂಡನ್: 8,050 + 8,600 = 16,650 ಕಿ.ಮೀ.
- ಸಿಂಗಪುರ: 3,200 + 13,600 = 16,800 ಕಿ.ಮೀ.

ಟೋಕಿಯೊ ದಾರಿ ನೇರ ಗೆರೆಗಿಂತ 900 ಕಿ.ಮೀ. ಮಾತ್ರ ಹೆಚ್ಚು. ಆದರೆ ಒಟ್ಟು ದೂರಕ್ಕಿಂತ ಮುಖ್ಯವಾದದ್ದು ಅದು ಹೇಗೆ ಹಂಚಿಹೋಗಿದೆ ಎಂಬುದು. ದುಬೈ ಅಥವಾ ಸಿಂಗಪುರದ ಮೇಲೆ ಹೋದರೆ ಮೊದಲ ಹಾರಾಟ ನಾಲ್ಕು, ನಾಲ್ಕೂವರೆ ಗಂಟೆಯದು. ಅಲ್ಲಿಂದ ಮುಂದೆ ಮತ್ತೆ 15–16 ಗಂಟೆ ಒಂದೇ ಸಮ ಕೂರಬೇಕು. ನಡುದಾರಿಯಲ್ಲಿ ಇಳಿದ ಸುಖ ಅಷ್ಟಾಗಿ ಸಿಗುವುದಿಲ್ಲ. ಟೋಕಿಯೊ, ಫ್ರಾಂಕ್‌ಫರ್ಟ್, ಲಂಡನ್ ದಾರಿಗಳು ಪ್ರಯಾಣವನ್ನು ಹೆಚ್ಚುಕಡಿಮೆ ಅರ್ಧಕ್ಕೆ ಮುರಿಯುತ್ತವೆ. ಮಂಡಿನೋವು, ಸಕ್ಕರೆ ಕಾಯಿಲೆ ಇರುವ ಹಿರಿಯರಿಗೆ ಈ ಅರ್ಧ–ಅರ್ಧದ ದಾರಿಯೇ ಹಿತ ಎಂಬುದು ನನ್ನ ಅಭಿಪ್ರಾಯ. ಇಳಿದು ಹತ್ತಲು ಇಂಗ್ಲಿಷ್ ಬಾರದು, ಒಬ್ಬರೇ ಹೋಗುತ್ತಿದ್ದಾರೆ ಎಂಬ ಅಳುಕಿದ್ದರೆ ನೇರ ವಿಮಾನವೇ ಮೇಲು.

ಇಳಿದು ಹತ್ತುವ ಟಿಕೆಟ್ ಕೊಳ್ಳುವಾಗ ಮೂರು ವಿಷಯ ನೋಡಿ. ಒಂದು, ಎರಡೂ ಹಾರಾಟ ಒಂದೇ ಟಿಕೆಟ್ಟಿನಲ್ಲಿ, ಒಂದೇ ಪಿಎನ್‌ಆರ್‌ನಲ್ಲಿ ಇರಲಿ. ಆಗ ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಬದಲಿ ವ್ಯವಸ್ಥೆ ಮಾಡುವ ಹೊಣೆ ವಿಮಾನ ಸಂಸ್ಥೆಯದು. ಬಿಡಿಬಿಡಿಯಾಗಿ ಕೊಂಡರೆ ಆ ಹೊಣೆ ನಿಮ್ಮದೇ. ಎರಡು, ನಡುವಿನ ಬಿಡುವು ಹಿರಿಯರಿಗೆ ಎರಡೂವರೆಯಿಂದ ನಾಲ್ಕು ಗಂಟೆ ಇರಲಿ. ಒಂದೂವರೆ ಗಂಟೆಗಿಂತ ಕಡಿಮೆಯಾದರೆ ಓಡಬೇಕಾಗುತ್ತದೆ. ಎಂಟು ಗಂಟೆ ದಾಟಿದರೆ ಕುರ್ಚಿಯಲ್ಲೇ ರಾತ್ರಿ ಕಳೆಯಬೇಕಾಗುತ್ತದೆ. ಮೂರು, ಇಳಿಯುವ ದೇಶದ ಟ್ರಾನ್ಸಿಟ್ ವೀಸಾ ನಿಯಮವನ್ನು ಆ ದೇಶದ ಅಧಿಕೃತ ತಾಣದಲ್ಲೇ ಓದಿ.

ಇನ್ನೊಂದು ಉಪಯುಕ್ತ ಮಾಹಿತಿ. ಅಬುಧಾಬಿಯಲ್ಲಿ ಅಮೆರಿಕದ ವಲಸೆ ತಪಾಸಣೆಯ ಕಚೇರಿಯೇ ಇದೆ. ಅಲ್ಲಿಂದ ಅಮೆರಿಕಕ್ಕೆ ಹಾರುವವರು ಆ ತಪಾಸಣೆಯನ್ನು ಅಲ್ಲೇ ಮುಗಿಸಿ, ಅಮೆರಿಕದಲ್ಲಿ ಒಳನಾಡಿನ ಪ್ರಯಾಣಿಕರಂತೆ ಹೊರಬರುತ್ತಾರೆ. ಇಂಥ ಕಚೇರಿ ಇಲ್ಲದ ದಾರಿಗಳಲ್ಲಿ ಅಮೆರಿಕದ ಯಾವ ಊರಿನಲ್ಲಿ ಮೊದಲು ಇಳಿಯುತ್ತೀರೋ ಅಲ್ಲೇ ಇಮಿಗ್ರೇಶನ್. ನ್ಯೂಯಾರ್ಕ್ ಅಥವಾ ಶಿಕಾಗೊದಲ್ಲಿ ಇಳಿದು ಮುಂದೆ ಹೋಗುವವರು ಸಾಮಾನ್ಯವಾಗಿ ತಮ್ಮ ಸೂಟ್‌ಕೇಸುಗಳನ್ನು ಅಲ್ಲೇ ಬೆಲ್ಟಿನಿಂದ ತೆಗೆದುಕೊಂಡು, ಕಸ್ಟಮ್ಸ್ ದಾಟಿಸಿ ಮತ್ತೆ ಕೊಡಬೇಕು. ಅಂಥ ಕಡೆ ಮೂರು ಗಂಟೆಗಿಂತ ಕಡಿಮೆ ಬಿಡುವು ಇಟ್ಟುಕೊಳ್ಳಬೇಡಿ.

ಎರಡನೇ ಹೊತ್ತು: ಗಡಿಯಾರದ್ದು

ಟಿಕೆಟ್ಟಿನಲ್ಲಿ ಹೊರಡುವ ಸಮಯ ಹೊರಡುವ ಊರಿನದು, ತಲುಪುವ ಸಮಯ ತಲುಪುವ ಊರಿನದು. ಈ ಒಂದು ಮಾತು ತಿಳಿದರೆ ಅರ್ಧ ಗೊಂದಲ ಕಳೆಯಿತು. ಭಾರತದ ಗಡಿಯಾರ ವರ್ಷವಿಡೀ ಒಂದೇ. ಕ್ಯಾಲಿಫೋರ್ನಿಯಾದವರು ಮಾರ್ಚ್ ತಿಂಗಳ ಎರಡನೇ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಿ, ನವೆಂಬರ್ ಮೊದಲ ಭಾನುವಾರ ಮತ್ತೆ ಹಿಂದಕ್ಕೆ ತರುತ್ತಾರೆ. ಹಾಗಾಗಿ ಬೇಸಿಗೆಯಲ್ಲಿ ಅವರು ನಮಗಿಂತ 12 ಗಂಟೆ 30 ನಿಮಿಷ ಹಿಂದೆ, ಚಳಿಗಾಲದಲ್ಲಿ 13 ಗಂಟೆ 30 ನಿಮಿಷ ಹಿಂದೆ.

ಇದಕ್ಕೊಂದು ಬಾಯಿಲೆಕ್ಕ: ನಮ್ಮ ಗಡಿಯಾರ ನೋಡಿ, ಹಗಲನ್ನು ರಾತ್ರಿ ಮಾಡಿ, ಬೇಸಿಗೆಯಾದರೆ ಅರ್ಧ ಗಂಟೆ, ಚಳಿಗಾಲವಾದರೆ ಒಂದೂವರೆ ಗಂಟೆ ಕಳೆಯಿರಿ. ಇಲ್ಲಿ ಬೆಳಿಗ್ಗೆ 8 ಆಗಿದ್ದರೆ ಅಲ್ಲಿ ಬೇಸಿಗೆಯಲ್ಲಿ ಹಿಂದಿನ ದಿನ ಸಂಜೆ 7:30, ಚಳಿಗಾಲದಲ್ಲಿ 6:30.

ಈಗ ಅಕ್ಕನ ಟಿಕೆಟ್ಟಿಗೆ ಬರೋಣ. ಅದು ಚಳಿಗಾಲ. ಗಡಿಯಾರದ ಪ್ರಕಾರ ಮಧ್ಯಾಹ್ನ 2:30ರಿಂದ ಸಂಜೆ 5ಕ್ಕೆ ಎರಡೂವರೆ ಗಂಟೆ. ಅದಕ್ಕೆ ಹದಿಮೂರೂವರೆ ಸೇರಿಸಿದರೆ 16. ಮಗಳು ಹೇಳಿದ ಲೆಕ್ಕ ಸಿಕ್ಕಿತು. ಬರುವಾಗ ಇದರ ತಿರುವುಮುರುವು. 2021ರ ಆ ಮೊದಲ ವಿಮಾನದ ವೇಳಾಪಟ್ಟಿಯನ್ನೇ ನೋಡಿ: ಜನವರಿ 9ರ ರಾತ್ರಿ 8:30ಕ್ಕೆ ಅಲ್ಲಿಂದ ಹೊರಟು ಜನವರಿ 11ರ ಬೆಳಗಿನ ಜಾವ 3:45ಕ್ಕೆ ಇಲ್ಲಿ ಇಳಿಯಬೇಕಿತ್ತು. ಕ್ಯಾಲೆಂಡರಿನಲ್ಲಿ 31 ಗಂಟೆ 15 ನಿಮಿಷ. ಹದಿಮೂರೂವರೆ ಕಳೆದರೆ ಹಾರಾಟ 17 ಗಂಟೆ 45 ನಿಮಿಷ. ಮಧ್ಯದ ಒಂದು ಇಡೀ ದಿನ ಆಕಾಶದಲ್ಲೇ ಕರಗಿಹೋಯಿತು. ಮರಳುವ ದಿನ ಮನೆಯಲ್ಲಿ ಮದುವೆ, ಗೃಹಪ್ರವೇಶ ಇಟ್ಟುಕೊಂಡವರು ಇದನ್ನು ಮರೆಯಬಾರದು. ಟಿಕೆಟ್ಟಿನಲ್ಲಿ ತಲುಪುವ ಸಮಯದ ಪಕ್ಕ ಸಣ್ಣದಾಗಿ +1 ಅಥವಾ +2 ಎಂದಿರುತ್ತದೆ. ಹೊರಟ ದಿನದಿಂದ ಅಷ್ಟು ದಿನ ಮುಂದೆ ಎಂದು ಅದರ ಅರ್ಥ.

ಹೆಚ್ಚು ಜನ ಎಡವುವುದು ಇನ್ನೊಂದು ಕಡೆ. ಬೆಂಗಳೂರಿನಿಂದ ಹೊರದೇಶಕ್ಕೆ ಹೋಗುವ ಹಲವು ವಿಮಾನಗಳು ನಡುರಾತ್ರಿ ಕಳೆದ ಮೇಲೆ ಹೊರಡುತ್ತವೆ. ಟಿಕೆಟ್ಟಿನಲ್ಲಿ 14ನೇ ತಾರೀಖು 2:30 ಎಂದಿದ್ದರೆ ನೀವು ಮನೆ ಬಿಡಬೇಕಾದದ್ದು 13ರ ಸಂಜೆಯೇ. ನಮ್ಮಲ್ಲಿ ಸೂರ್ಯ ಹುಟ್ಟಿದರೆ ದಿನ ಹುಟ್ಟಿತು ಎಂಬ ರೂಢಿ. ಪಂಚಾಂಗವೂ ಹಾಗೇ ಎಣಿಸುತ್ತದೆ. ವಿಮಾನದವರ ದಿನ ಮಾತ್ರ ರಾತ್ರಿ 12ಕ್ಕೇ ಹುಟ್ಟುತ್ತದೆ. 14ರ ರಾತ್ರಿ ನಿಲ್ದಾಣಕ್ಕೆ ಹೋಗಿ, ವಿಮಾನ ಹಿಂದಿನ ರಾತ್ರಿಯೇ ಹೋಯಿತೆಂದು ತಿಳಿದು ಕಣ್ಣೀರಿಟ್ಟ ಹಿರಿಯ ದಂಪತಿಗಳನ್ನು ನಾನು ಕಂಡಿದ್ದೇನೆ. ಕ್ಯಾಲೆಂಡರಿನಲ್ಲಿ ವಿಮಾನದ ತಾರೀಖಿಗೆ ಗುರುತು ಹಾಕಬೇಡಿ, ಮನೆ ಬಿಡುವ ತಾರೀಖಿಗೆ ಹಾಕಿ.

ಮೂರನೇ ಹೊತ್ತು: ಮನೆಯಿಂದ ಮನೆಗೆ

ಪ್ರಯಾಣಿಕರು ನಿಜವಾಗಿ ಸವೆಸುವ ಹೊತ್ತು ಇದು. ಮೈಸೂರಿನಿಂದ ದೇವನಹಳ್ಳಿಯ ನಿಲ್ದಾಣಕ್ಕೆ ಸುಮಾರು 185 ಕಿ.ಮೀ. ಕೆಎಸ್‌ಆರ್‌ಟಿಸಿಯ ಫ್ಲೈಬಸ್ ಊರೊಳಗೆ ಇಳಿದು ಹತ್ತುವ ಕಷ್ಟವಿಲ್ಲದೆ ನೇರ ನಿಲ್ದಾಣಕ್ಕೇ ಬಿಡುತ್ತದೆ. ಅದಕ್ಕೆ ನಾಲ್ಕು ಗಂಟೆ, ದಟ್ಟಣೆಯಿದ್ದರೆ ಇನ್ನೂ ಹೆಚ್ಚು ಇಟ್ಟುಕೊಳ್ಳಿ. ಬೆಂಗಳೂರಿನ ಒಳಗಿನವರಿಗೆ ಬಿಎಂಟಿಸಿಯ ವಾಯುವಜ್ರ ಇದೆ. ಮೆಜೆಸ್ಟಿಕ್‌ನಿಂದ ಸುಮಾರು 35 ಕಿ.ಮೀ. ಆದರೂ ಮಳೆ ಬಂದ ಸಂಜೆ ಅದು ಎರಡು ಗಂಟೆಯ ದಾರಿ. ಅಂತರರಾಷ್ಟ್ರೀಯ ವಿಮಾನಗಳು ಹೊರಡುವುದು ಎರಡನೇ ಟರ್ಮಿನಲ್‌ನಿಂದ, ಡ್ರೈವರಿಗೆ ಮೊದಲೇ ಹೇಳಿ. ವಿಮಾನಕ್ಕೆ ಮೂರು ಗಂಟೆ ಮುಂಚೆ ಅಲ್ಲಿರಬೇಕು. ಚೆಕ್‌–ಇನ್ ಕೌಂಟರನ್ನು ಸಾಮಾನ್ಯವಾಗಿ ಒಂದು ಗಂಟೆ ಮುಂಚೆಯೇ ಮುಚ್ಚುತ್ತಾರೆ.

ಆಚೆ ಬದಿಯಲ್ಲಿ ಇಮಿಗ್ರೇಶನ್ ಸಾಲು, ಬೆರಳಚ್ಚು, ಒಂದೆರಡು ಪ್ರಶ್ನೆ, ಸಾಮಾನು, ಕಸ್ಟಮ್ಸ್ ಸೇರಿ ಒಂದರಿಂದ ಎರಡು ಗಂಟೆ. ಇಲ್ಲಿ ಹೊತ್ತು ಉಳಿಸುವುದು ನಿಮ್ಮ ಸೂಟ್‌ಕೇಸಿನೊಳಗೆ ಏನಿದೆ ಎಂಬುದರ ಮೇಲೆ ನಿಂತಿದೆ. ತಿಂಡಿ ತಿನಿಸು ಏನೇ ಇದ್ದರೂ ಇದೆ ಎಂದು ಹೇಳಿಬಿಡಿ, ಹೇಳದೆ ಸಿಕ್ಕಿಬಿದ್ದರೆ ದಂಡ. ಹಸಿ ಹಣ್ಣು, ತರಕಾರಿ, ಮಾಂಸ ಬೇಡ. ಕರಿಬೇವಿನ ಎಲೆಯನ್ನೂ ಬಿಡುವುದಿಲ್ಲ, ಅದು ನಿಂಬೆ ಕಿತ್ತಳೆಗಳ ಕುಲದ ಗಿಡವಾದ್ದರಿಂದ ಅಲ್ಲಿನ ತೋಟಗಳಿಗೆ ರೋಗ ತಗಲೀತೆಂಬ ಭಯ. ಒಣ ಕೊಬ್ಬರಿಗೆ ತಡೆ ಇರುವುದು ಬೆಂಗಳೂರಿನಲ್ಲೇ. ಎಣ್ಣೆಯಂಶದಿಂದ ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳುವ ಗುಣವಿರುವುದರಿಂದ 2022ರಲ್ಲಿ ಅದನ್ನು ಚೆಕ್‌–ಇನ್ ಸಾಮಾನಿನಲ್ಲಿ ನಿಷೇಧಿಸಿದರು.

ಸ್ಯಾನ್ ಫ್ರಾನ್ಸಿಸ್ಕೊ ನಿಲ್ದಾಣದಿಂದ ಕನ್ನಡಿಗರು ಹೆಚ್ಚಾಗಿರುವ ಫ್ರೀಮಾಂಟ್, ಸನಿವೇಲ್, ಸ್ಯಾನ್ ಹೊಸೆ ಕಡೆಗೆ ಕಾರಿನಲ್ಲಿ ಮುಕ್ಕಾಲರಿಂದ ಒಂದು ಗಂಟೆ. ಎಲ್ಲ ಕೂಡಿ ನೋಡೋಣ. ಅಕ್ಕ ಮೈಸೂರಿನ ಮನೆ ಬಿಟ್ಟದ್ದು ಬೆಳಿಗ್ಗೆ 7ಕ್ಕೆ. ಸಂಜೆ 5ಕ್ಕೆ ಅಲ್ಲಿ ಇಳಿದು, 6:30ಕ್ಕೆ ಹೊರಬಂದು, 7:30ಕ್ಕೆ ಮಗಳ ಮನೆ ಹೊಕ್ಕಳು. ಆಗ ಮೈಸೂರಿನಲ್ಲಿ ಮರುದಿನ ಬೆಳಿಗ್ಗೆ 9. ಒಟ್ಟು 26 ಗಂಟೆ. ನೇರ ವಿಮಾನವಿದ್ದೂ ಇಷ್ಟು. ಒಂದು ಕಡೆ ಇಳಿದು ಹತ್ತಿದ್ದರೆ 32ರಿಂದ 36. ಪಕ್ಕದ ಮನೆಯವರ ಮಾತೂ ಸುಳ್ಳಲ್ಲ.

ನಾಲ್ಕನೇ ಹೊತ್ತು: ದೇಹದ್ದು

ವಿಮಾನ 11 ಕಿ.ಮೀ. ಎತ್ತರದಲ್ಲಿ ಹಾರಿದರೂ ಕ್ಯಾಬಿನ್‌ನೊಳಗಿನ ಗಾಳಿ ಸುಮಾರು 1,800ರಿಂದ 2,400 ಮೀಟರ್ ಎತ್ತರದ ಬೆಟ್ಟದಲ್ಲಿರುವಂತೆ ತೆಳ್ಳಗಿರುತ್ತದೆ. 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯ ತುದಿಯಲ್ಲಿ 16 ಗಂಟೆ ಕೂತಂತೆ ಎಂದುಕೊಳ್ಳಿ. ಅಲ್ಲಿನ ಮಂಜಿನ ತಂಪು ಮಾತ್ರ ಇಲ್ಲ, ಗಾಳಿ ಬಲು ಒಣ. ಬಾಯಾರುವುದಕ್ಕೆ ಮೊದಲೇ ಆಗಾಗ ಒಂದೊಂದು ಲೋಟ ನೀರು ಕುಡಿಯಿರಿ. ಬಾತ್‌ರೂಮಿಗೆ ಏಳಬೇಕಾಗುತ್ತದೆಂದು ನಮ್ಮ ಹೆಂಗಸರು ನೀರನ್ನೇ ಬಿಡುತ್ತಾರೆ, ಅದು ತಪ್ಪು. ಹಾದಿ ಬದಿಯ ಸೀಟು ಕೇಳಿ ಪಡೆಯಿರಿ. ನಾಲ್ಕು ಗಂಟೆಗಿಂತ ಹೆಚ್ಚು ಕದಲದೆ ಕೂತರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚುತ್ತದೆ. ಎರಡು ಗಂಟೆಗೊಮ್ಮೆ ಎದ್ದು ಓಡಾಡಿ, ಕೂತಲ್ಲೇ ಪಾದ ತಿರುಗಿಸಿ. ಹೃದಯದ ತೊಂದರೆ, ಇತ್ತೀಚಿನ ಶಸ್ತ್ರಚಿಕಿತ್ಸೆ ಇದ್ದವರು ವೈದ್ಯರನ್ನು ಕೇಳಿಯೇ ಹೊರಡಿ.

ಔಷಧಿಗಳ ಮಾತು ಇನ್ನೂ ಮುಖ್ಯ. ಗಡಿಯಾರ ಹದಿಮೂರೂವರೆ ಗಂಟೆ ಜಾರಿದಾಗ "ದಿನಕ್ಕೆರಡು ಸಲ" ಎಂಬ ಲೆಕ್ಕ ತಪ್ಪುತ್ತದೆ. ದಾರಿಯುದ್ದಕ್ಕೂ ಕೈಗಡಿಯಾರವನ್ನು ಭಾರತದ ಸಮಯಕ್ಕೇ ಇಟ್ಟು ಮಾತ್ರೆ ತೆಗೆದುಕೊಳ್ಳುವುದು, ತಲುಪಿದ ಮೇಲೆ ಹೊಸ ಸಮಯಕ್ಕೆ ಹೇಗೆ ಹೊಂದಿಸುವುದೆಂದು ಮೊದಲೇ ವೈದ್ಯರಿಂದ ಬರೆಸಿಕೊಳ್ಳುವುದು ಒಳ್ಳೆಯದು. ಇನ್ಸುಲಿನ್ ತೆಗೆದುಕೊಳ್ಳುವವರಿಗಂತೂ ಇದು ಕಡ್ಡಾಯ. ಕನಿಷ್ಠ ಒಂದು ವಾರದ ಔಷಧಿ, ಚೀಟಿ ಸಮೇತ, ಕೈಚೀಲದಲ್ಲೇ ಇರಲಿ. 2023ರ ಜೂನ್‌ನಲ್ಲಿ ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಹೊರಟ ಏರ್ ಇಂಡಿಯಾ ವಿಮಾನ ಎಂಜಿನ್ ತೊಂದರೆಯಿಂದ ರಷ್ಯಾದ ಮಗದಾನ್‌ನಲ್ಲಿ ಸುರಕ್ಷಿತವಾಗಿ ಇಳಿಯಿತು. 216 ಪ್ರಯಾಣಿಕರು ಬದಲಿ ವಿಮಾನ ಬರುವವರೆಗೆ ಆ ದೂರದ ಊರಿನಲ್ಲೇ ಉಳಿದರು. ಇಂಥದ್ದು ಅಪರೂಪ. ಆದರೂ ಮಾತ್ರೆ ಸೂಟ್‌ಕೇಸಿನಲ್ಲಿ ಸಿಕ್ಕಿಕೊಳ್ಳಬಾರದೆಂಬುದಕ್ಕೆ ಇಷ್ಟು ಸಾಕು.

ಊಟಕ್ಕೆ ಟಿಕೆಟ್ ಮಾಡುವಾಗಲೇ ಹೇಳಿ. ಸಸ್ಯಾಹಾರಿಗಳು "ಏಷ್ಯನ್ ವೆಜಿಟೇರಿಯನ್" ಎಂದು ಕೇಳಬೇಕು. "ಹಿಂದೂ ಮೀಲ್" ಎಂದರೆ ಬಹುತೇಕ ಕಡೆ ಮಾಂಸದ ಊಟವೇ ಬರುತ್ತದೆ. ನಡೆಯಲು ಕಷ್ಟವಿರುವವರು ಗಾಲಿಕುರ್ಚಿಯನ್ನೂ ಆಗಲೇ ಕೋರಿ, ಸಾಮಾನ್ಯವಾಗಿ ಅದಕ್ಕೆ ಶುಲ್ಕವಿಲ್ಲ.

ತಲುಪಿದ ಮೇಲೂ ದೇಹ ಇನ್ನೂ ಮೈಸೂರಿನಲ್ಲೇ ಇರುತ್ತದೆ. ಒಳಗಿನ ಗಡಿಯಾರ ದಿನಕ್ಕೆ ಸುಮಾರು ಒಂದು ಗಂಟೆಯಷ್ಟು ಹೊಂದಿಕೊಳ್ಳುತ್ತದೆ. ಹಗಲು ರಾತ್ರಿ ಪೂರ್ತಿ ಅದಲುಬದಲಾದ ಈ ಪ್ರಯಾಣದಲ್ಲಿ ಒಂದೂವರೆ ವಾರ ಬೇಕಾಗುವುದು ಸಹಜ. ಮೊದಲ ದಿನದಿಂದಲೇ ಅಲ್ಲಿನ ಬೆಳಕಿಗೆ ಮೈಯೊಡ್ಡಿ, ಬೆಳಿಗ್ಗೆ ಹೊರಗೆ ನಡೆದು ಬನ್ನಿ. ಮಧ್ಯಾಹ್ನ ಮಲಗಿದರೆ ಅರ್ಧ ಗಂಟೆಗೆ ಏಳಿ. ಬಾಣಂತನಕ್ಕೆ ಹೋಗುವ ತಾಯಂದಿರು ಹೆರಿಗೆಯ ದಿನಕ್ಕಿಂತ ಎರಡು ವಾರ ಮೊದಲೇ ತಲುಪುವಂತೆ ಟಿಕೆಟ್ ಮಾಡಿ. ಎಳೆಗೂಸು ರಾತ್ರಿ ಎಬ್ಬಿಸುವಾಗ ನಿಮ್ಮ ದೇಹವೂ ಹೊತ್ತು ಗೊತ್ತಿಲ್ಲದೆ ತೂಗಾಡುತ್ತಿರಬಾರದು.

ಹೊರಡುವ ಮುನ್ನ ಒಂದು ಚೀಟಿಯಲ್ಲಿ

- ನೇರ ದೂರ ÷ 850 + 40 ನಿಮಿಷ: ಹಾರಾಟದ ಅಂದಾಜು.
- ಪೂರ್ವಕ್ಕೆ ಹೋಗುವಾಗ ಸ್ವಲ್ಪ ಕಡಿಮೆ, ಪಶ್ಚಿಮಕ್ಕೆ ಸ್ವಲ್ಪ ಹೆಚ್ಚು.
- ಕ್ಯಾಲಿಫೋರ್ನಿಯಾಕ್ಕೆ ಬೇಸಿಗೆಯಲ್ಲಿ ಹನ್ನೆರಡೂವರೆ, ಚಳಿಗಾಲದಲ್ಲಿ ಹದಿಮೂರೂವರೆ ಗಂಟೆ ಅಂತರ.
- ಕ್ಯಾಲೆಂಡರಿನಲ್ಲಿ ಗುರುತು ಮನೆ ಬಿಡುವ ದಿನಕ್ಕೆ.
- ಹಾರಾಟಕ್ಕೆ ಹೋಗುವ ಕಡೆ ಮೂರು ಗಂಟೆ, ಇಳಿದ ಕಡೆ ಎರಡು ಗಂಟೆ, ಎರಡೂ ಕಡೆಯ ರಸ್ತೆಯ ಹೊತ್ತು ಸೇರಿಸಿ.
- ಹೊರಡುವ ಹಿಂದಿನ ದಿನ ಸಮಯ ಬದಲಾಗಿದೆಯೇ ಎಂದು ಮತ್ತೊಮ್ಮೆ ನೋಡಿ.

ಹಿಂದೆ ನಮ್ಮ ಹಿರಿಯರು ಹತ್ತಿರದ ದೂರವನ್ನು ಕೂಗಳತೆ ಎನ್ನುತ್ತಿದ್ದರು, ಇನ್ನೂ ದೂರವಾದರೆ ಹರದಾರಿ. ಕೂಗಿದರೆ ಕೇಳುವಷ್ಟು, ನಡೆದರೆ ದಣಿಯುವಷ್ಟು ಎಂದು ಮೈಯಿಂದಲೇ ಅಳೆಯುತ್ತಿದ್ದರು. 14,000 ಕಿಲೊಮೀಟರನ್ನು ಮೈ ಅಳೆಯಲಾರದು, ಅದಕ್ಕೇ ಈ ಲೆಕ್ಕವೆಲ್ಲ. ಅಕ್ಕ ಅದನ್ನು ಚೆನ್ನಾಗಿಯೇ ಕಲಿತಳು. ಮೂರು ವಾರದ ಮೇಲೆ ಒಂದು ಶುಕ್ರವಾರ ಬೆಳಿಗ್ಗೆ ಅವಳ ಫೋನು ಬಂತು. "ಹೆಣ್ಣು ಮಗು ಕಣೋ. ಇಲ್ಲಿ ಗುರುವಾರ ರಾತ್ರಿ ಒಂಬತ್ತು ಹತ್ತಕ್ಕೆ. ನಿಮಗೆ ಶುಕ್ರವಾರ ಬೆಳಿಗ್ಗೆ ಹತ್ತು ನಲವತ್ತು. ಜಾತಕ ಬರೆಯೋರಿಗೆ ಇಲ್ಲಿನ ಹೊತ್ತನ್ನೇ ಕೊಡು, ಊರಿನ ಹೆಸರೂ ಹೇಳು." ನಾನು ಬೆರಳು ಮಡಚಿ ಎಣಿಸಿ ನೋಡಿದೆ. ಲೆಕ್ಕ ಸರಿಯಾಗಿತ್ತು.